ಕಾಣದ ನಕ್ಷತ್ರಗಳ ಲೆಕ್ಕ

2025ರ ಜನವರಿಯಲ್ಲಿ ಹಬಲ್ ದೂರದರ್ಶಕದ ತಂಡ ಆಂಡ್ರೊಮೀಡ ಗೆಲಾಕ್ಸಿಯ ದೊಡ್ಡದೊಂದು ಚಿತ್ರವನ್ನು ಬಿಡುಗಡೆ ಮಾಡಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ತೆಗೆದ 600ಕ್ಕೂ ಹೆಚ್ಚು ತುಣುಕುಗಳನ್ನು ಜೋಡಿಸಿ ಮಾಡಿದ ಚಿತ್ರ ಅದು. ಅದರಲ್ಲಿ ಬಿಡಿಬಿಡಿಯಾಗಿ ಗುರುತಿಸಬಹುದಾದ ನಕ್ಷತ್ರಗಳು ಸುಮಾರು 20 ಕೋಟಿ. ಆ ಗೆಲಾಕ್ಸಿಯಲ್ಲಿ ಒಟ್ಟು ಎಷ್ಟಿವೆ ಎಂದು ಕೇಳಿದರೆ ಮಾತ್ರ ಸಿಗುವ ಉತ್ತರ ಒಂದು ಲಕ್ಷ ಕೋಟಿ! ಕಂಡದ್ದರ ಐದು ಸಾವಿರ ಪಟ್ಟು. ಕಾಣದ ಇಷ್ಟೊಂದು ನಕ್ಷತ್ರಗಳು ಅಲ್ಲಿವೆ ಎನ್ನಲು ಆಧಾರವೇನು?

ಒಂದೊಂದಾಗಿ ಎಣಿಸುವ ಪ್ರಯತ್ನ ಹಳೆಯದು. ವಿಲಿಯಂ ಹರ್ಷೆಲ್ ಆಕಾಶದ ಬೇರೆ ಬೇರೆ ದಿಕ್ಕಿಗೆ ದೂರದರ್ಶಕ ತಿರುಗಿಸಿ, ಕಂಡ ನಕ್ಷತ್ರಗಳನ್ನೆಲ್ಲ ಎಣಿಸಿ, 1785ರಲ್ಲಿ ನಮ್ಮ ಆಕಾಶಗಂಗೆಯ ನಕ್ಷೆಯನ್ನೇ ಬರೆದ. ಸೂರ್ಯ ಅದರ ನಡುಮಧ್ಯದ ಹತ್ತಿರ ಬಂದು ಕೂತಿದ್ದ. ದೂರದ ನಕ್ಷತ್ರಗಳನ್ನು ಧೂಳು ಮರೆಮಾಡುತ್ತದೆ ಎಂಬುದು ಆಗ ಗೊತ್ತಿರಲಿಲ್ಲ. ಅದನ್ನು ರಾಬರ್ಟ್ ಟ್ರಂಪ್ಲರ್ ಖಚಿತಪಡಿಸಿದ್ದು 1930ರಲ್ಲಿ. ನಮ್ಮ ಕಾಲದ ಗಾಯಾ ಉಪಗ್ರಹವೂ ಪಟ್ಟಿ ಮಾಡಿದ್ದು ಸುಮಾರು 180 ಕೋಟಿ ಬೆಳಕಿನ ಚುಕ್ಕೆಗಳನ್ನು ಮಾತ್ರ. ನಾವಿರುವ ಗೆಲಾಕ್ಸಿಯಲ್ಲೇ ಅದು ನೂರಕ್ಕೆ ಎರಡರಷ್ಟೂ ಆಗುವುದಿಲ್ಲ.

ಧೂಳಿಗಿಂತ ದೊಡ್ಡ ತೊಡಕು ನಕ್ಷತ್ರಗಳ ಸ್ವಭಾವದಲ್ಲೇ ಇದೆ. ಸೂರ್ಯನ ಹತ್ತು ಪಟ್ಟು ದ್ರವ್ಯರಾಶಿಯ ನಕ್ಷತ್ರ ಹತ್ತು ಪಟ್ಟು ಬೆಳಕು ಕೊಟ್ಟು ಸುಮ್ಮನಾಗುವುದಿಲ್ಲ, ಸಾವಿರಾರು ಪಟ್ಟು ಕೊಡುತ್ತದೆ. ಇತ್ತ ನಮಗೆ ಅತಿ ಹತ್ತಿರದ ಪ್ರಾಕ್ಸಿಮಾ ಸೆಂಟಾರಿ ದ್ರವ್ಯರಾಶಿಯಲ್ಲಿ ಸೂರ್ಯನ ಎಂಟನೇ ಒಂದು ಭಾಗ; ಬೆಳಕಿನಲ್ಲಿ ಆರುನೂರನೇ ಒಂದು ಭಾಗ. ನಾಲ್ಕೂಕಾಲು ಜ್ಯೋತಿರ್ವರ್ಷದಷ್ಟು ಸಮೀಪದಲ್ಲಿದ್ದರೂ ಬರಿಗಣ್ಣಿಗೆ ಕಾಣದು. ಇಂಥ ಕೆಂಪು ಕುಬ್ಜಗಳೇ ಸೂರ್ಯನ ನೆರೆಹೊರೆಯಲ್ಲಿ ಮೂರರಲ್ಲಿ ಎರಡರಷ್ಟಿವೆ. ರಾತ್ರಿ ಘಟ್ಟದ ತಿರುವಿನಲ್ಲಿ ನಿಂತು ಕೆಳಗಿನ ಊರನ್ನು ನೋಡಿದರೆ ಫ್ಲಡ್‌ಲೈಟುಗಳು ಕಾಣುತ್ತವೆ, ಝೀರೋ ಕ್ಯಾಂಡಲ್ ಬಲ್ಬು ಉರಿಯುವ ಮನೆಗಳು ಕಾಣುವುದಿಲ್ಲ. ಊರಿನ ಜನಸಂಖ್ಯೆ ಇರುವುದು ಆ ಮನೆಗಳಲ್ಲಿ. ಹಬಲ್ ಎಣಿಸಿದ 20 ಕೋಟಿಯೂ ಸೂರ್ಯನಿಗಿಂತ ಪ್ರಕಾಶಮಾನವಾದವು. ನಮ್ಮ ಹೊಸಕೋಟೆಯಲ್ಲಿ ಜೋಡಿಸಿ, 2015ರಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಹಾರಿಸಿದ ನೇರಳಾತೀತ ದೂರದರ್ಶಕವೂ ಆಂಡ್ರೊಮೀಡವನ್ನು ನೋಡಿದೆ. ಅದಕ್ಕೆ ಎದ್ದು ಕಾಣುವುದು ಸುರುಳಿಯ ಬಾಹುಗಳಲ್ಲಿ ಈಚೆಗೆ ಹುಟ್ಟಿದ, ಉರಿಬಿಸಿಯ ನಕ್ಷತ್ರಗಳು. ಸುರುಳಿಯ ಅಂದವೆಲ್ಲ ಅವುಗಳದೇ, ಸಂಖ್ಯೆಯಲ್ಲಿ ಮಾತ್ರ ಅವು ತೀರಾ ಅಲ್ಪ.

ಎಣಿಸಲಾಗದ್ದನ್ನು ತೂಗಬಹುದು. ಗೆಲಾಕ್ಸಿ ಎಷ್ಟು ವೇಗವಾಗಿ ಸುತ್ತುತ್ತಿದೆ ಎಂದು ಅಳೆದರೆ, ಅದನ್ನು ಹಿಡಿದಿಟ್ಟ ಗುರುತ್ವ ಎಷ್ಟು, ಆ ಗುರುತ್ವಕ್ಕೆ ಬೇಕಾದ ದ್ರವ್ಯರಾಶಿ ಎಷ್ಟು ಎಂದು ತಿಳಿಯುತ್ತದೆ. ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ 1970ರಲ್ಲಿ ಪ್ರಕಟಿಸಿದ ಅಳತೆ ಆಂಡ್ರೊಮೀಡದ್ದೇ. ಅಂಚಿಗೆ ಹೋದಂತೆ ವೇಗ ಇಳಿಯಬೇಕಿತ್ತು, ಇಳಿಯಲಿಲ್ಲ. ಬೆಳಕೇ ಬೀರದ ಕಪ್ಪುದ್ರವ್ಯ ಅಲ್ಲಿ ಹೇರಳವಾಗಿದೆ ಎಂಬ ವಾದಕ್ಕೆ ಬಲ ಬಂದದ್ದು ಇಂಥ ಅಳತೆಗಳಿಂದ. ಹಾಗಾಗಿ ಸುತ್ತುವ ವೇಗದಿಂದ ಸಿಕ್ಕ ತೂಕವನ್ನೆಲ್ಲ ನಕ್ಷತ್ರಗಳ ಹೆಸರಿಗೆ ಬರೆಯುವಂತಿಲ್ಲ.

ನಕ್ಷತ್ರಗಳ ಪಾಲನ್ನು ಬೇರ್ಪಡಿಸಿಕೊಡುವುದು ಅವಕೆಂಪು ಬೆಳಕು. ಅದು ಧೂಳನ್ನು ಬಹುಮಟ್ಟಿಗೆ ದಾಟಿ ಬರುತ್ತದೆ. ನೀಲಿ ದೈತ್ಯಗಳ ಆರ್ಭಟ ಅದರಲ್ಲಿ ಕಡಿಮೆ, ಹಳೆಯ ತಣ್ಣನೆಯ ನಕ್ಷತ್ರಗಳ ಕೊಡುಗೆ ಹೆಚ್ಚು. ಅಷ್ಟು ಬೆಳಕಿಗೆ ಎಷ್ಟು ದ್ರವ್ಯರಾಶಿಯ ನಕ್ಷತ್ರಗಳಿರಬೇಕು ಎಂದು ಅಂದಾಜು ಮಾಡಿದರೆ ಆಂಡ್ರೊಮೀಡಕ್ಕೆ ಸಿಗುವುದು ಸುಮಾರು 10,000ದಿಂದ 15,000 ಕೋಟಿ ಸೂರ್ಯರ ತೂಕ. ಸ್ಪಿಟ್ಜರ್ ದೂರದರ್ಶಕದ ಅವಕೆಂಪು ಅಳತೆಗಳನ್ನು ಆಧರಿಸಿಯೇ 2006ರಲ್ಲಿ ಲಕ್ಷ ಕೋಟಿ ಎಂಬ ಸಂಖ್ಯೆಯೂ ಪ್ರಚಾರಕ್ಕೆ ಬಂದದ್ದು.

ಈಗ ಈ ತೂಕವನ್ನು ಒಂದು ನಕ್ಷತ್ರದ ಸರಾಸರಿ ತೂಕದಿಂದ ಭಾಗಿಸಬೇಕು. ಕಗ್ಗಂಟಿರುವುದು ಇಲ್ಲೇ. ಎಡ್ವಿನ್ ಸಾಲ್ಪೀಟರ್ 1955ರಲ್ಲಿ ತೋರಿಸಿದಂತೆ, ದ್ರವ್ಯರಾಶಿ ಇಳಿದಂತೆ ಹುಟ್ಟುವ ನಕ್ಷತ್ರಗಳ ಸಂಖ್ಯೆ ಭರದಿಂದ ಏರುತ್ತದೆ. ಸರಾಸರಿ ಅರ್ಧ ಸೂರ್ಯ ಎಂದರೆ ಆಂಡ್ರೊಮೀಡದಲ್ಲಿ 20,000ದಿಂದ 30,000 ಕೋಟಿ ನಕ್ಷತ್ರಗಳು. ಐದನೇ ಒಂದು ಸೂರ್ಯ ಎಂದರೆ 50,000ದಿಂದ 75,000 ಕೋಟಿ. ಲಕ್ಷ ಕೋಟಿ ಮುಟ್ಟಬೇಕಾದರೆ ಸರಾಸರಿ ಸೂರ್ಯನ ಆರನೇ ಒಂದು ಭಾಗಕ್ಕೂ ಕೆಳಗೆ ಇಳಿಯಬೇಕು. ಸೂರ್ಯನ ಶೇಕಡ 8ಕ್ಕಿಂತ ಹಗುರವಾದ ಕಾಯದಲ್ಲಿ ಹೈಡ್ರೊಜನ್ ನಿರಂತರವಾಗಿ ಉರಿಯುವುದೇ ಇಲ್ಲ, ಅದು ನಕ್ಷತ್ರವಾಗುವುದಿಲ್ಲ. ಅಂದಮೇಲೆ ಲಕ್ಷ ಕೋಟಿಯನ್ನು ಮೇಲಿನ ಮಿತಿ ಎಂದು ಓದುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ನಮ್ಮ ಆಕಾಶಗಂಗೆಗೆ 10,000ದಿಂದ 40,000 ಕೋಟಿ ಎಂದು ನಾಲ್ಕು ಪಟ್ಟು ಅಂತರ ಇಟ್ಟು ಹೇಳುವುದಕ್ಕೂ ಈ ಕುಬ್ಜಗಳೇ ಮುಖ್ಯ ಕಾರಣ.

ತರಗತಿಯಲ್ಲಿ ಈ ಸಂಖ್ಯೆಗಳನ್ನು ಹೇಳಿಕೊಡುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಉತ್ತರದ ಜೊತೆಗೆ ಈ ಭಾಗಾಕಾರವನ್ನೂ ಬೋರ್ಡಿನ ಮೇಲೆ ಮಾಡಿ ತೋರಿಸಿ. ಅದಕ್ಕೆ ಪ್ರಾಥಮಿಕ ಶಾಲೆಯ ಗಣಿತವೇ ಸಾಕು.