ನಿಮಗಿದು ಗೊತ್ತೇ? ನಾಯಿ ಸುಮ್ಮನೆ ಗುಂಡಿ ತೋಡುವುದಿಲ್ಲ

ಕುಣಿಗಲ್ ತಾಲ್ಲೂಕಿನ ಅಮೃತೂರು ಕಡೆ ಬೇಸಿಗೆಯಲ್ಲಿ ತೋಟದ ನಾಯಿ ಎಲ್ಲಿ ಗುಂಡಿ ತೋಡುತ್ತದೆ, ಗಮನಿಸಿದ್ದೀರಾ? ಬೆಳಿಗ್ಗೆ ನೀರು ಕಟ್ಟಿದ ತೆಂಗಿನ ಪಾತಿಯಲ್ಲಿ. ಮೇಲಿನ ಒಣ ಮಣ್ಣನ್ನು ಮುಂಗಾಲಲ್ಲಿ ಸರಸರ ಹಿಂದಕ್ಕೆ ತಳ್ಳಿ, ತೇವ ಸಿಕ್ಕಿದ ಕೂಡಲೇ ಹಿಂಗಾಲು ಚಾಚಿ ಹೊಟ್ಟೆ ಊರಿ ಮಲಗಿಬಿಡುತ್ತದೆ. ನಾಯಿ ಬೆವರುವುದು ಬಹುಪಾಲು ಅಂಗಾಲಿನಲ್ಲಷ್ಟೇ. ಮೈಯ ಶಾಖ ಹೆಚ್ಚಾಗಿ ಏದುಸಿರಲ್ಲೇ ಹೊರಗೆ ಹೋಗಬೇಕು. ಕೂದಲು ಕಮ್ಮಿ ಇರುವ ಹೊಟ್ಟೆಯನ್ನು ತಣ್ಣನೆ ಮಣ್ಣಿಗೆ ತಾಗಿಸಿದರೆ ಅದಕ್ಕೆ ಹಾಯೆನಿಸುತ್ತದೆ. ಇಂಥ ಗುಂಡಿಗೆ ಬೈಗುಳ ಮದ್ದಲ್ಲ. ನೆರಳಲ್ಲಿ ಒದ್ದೆ ಗೋಣಿಚೀಲ ಹಾಸಿ, ಪಕ್ಕದಲ್ಲಿ ಒಂದು ಬೋಗುಣಿ ನೀರಿಡಿ.

ಬಾಡೂಟದ ಮಾರನೇ ದಿನ ಹಿತ್ತಲಲ್ಲಿ ಹೊಸ ಗುಂಡಿ ಕಂಡರೆ ಅದು ಉಳಿತಾಯ ಖಾತೆ. ಮಿಕ್ಕ ಆಹಾರವನ್ನು ಹೂತಿಡುವ ಚಾಳಿ ತೋಳ, ನರಿಗಳಿಗೂ ಉಂಟು. ಮೂಳೆ ಹೂತ ಮೇಲೆ ನಾಯಿ ಮಣ್ಣನ್ನು ಮೂತಿಯಿಂದ ನೂಕಿ ಮುಚ್ಚುವುದನ್ನು ನೋಡಬೇಕು! ಊಟ ಬಿಟ್ಟು ಹೂಳುವುದೇ ಜಾಸ್ತಿಯಾದರೆ ನೀವು ಹಾಕುವುದು ಹೆಚ್ಚಾಗಿರಬಹುದು.

ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನದವರೆಗಿನ ಸದ್ದು ಕೇಳುತ್ತದೆ. ನಾಯಿಗೆ ಸುಮಾರು 45,000ದವರೆಗೆ. ಹೆದರಿದ ಇಲಿಯ ಕೂಗು 22,000ದ ಆಸುಪಾಸಿನದು. ನಮಗೆ ನಿಶ್ಶಬ್ದವಾಗಿರುವ ಬದು ನಾಯಿಗೆ ಹಾಗಿರಲಿಕ್ಕಿಲ್ಲ. ಗುಂಡಿಗಳು ಬದುವಿನುದ್ದಕ್ಕೂ ಸಾಲಾಗಿದ್ದರೆ ಇಲಿ ಹೆಗ್ಗಣಗಳ ಜಾಡು ಹುಡುಕಿ. ಬಿಲದಲ್ಲಿ ಯಾವಾಗಲೂ ಇಲಿಯೇ ಇರುತ್ತದೆಂಬ ಭರವಸೆ ಬೇಡ, ನಾಗರಹಾವೂ ಅಲ್ಲೇ ಬಿಡಾರ ಹೂಡುತ್ತದೆ. ಇಲಿ ಮೂತ್ರದಿಂದ ಹರಡುವ ಇಲಿಜ್ವರಕ್ಕೆ ನಾಯಿಗೂ ಲಸಿಕೆ ಇದೆ, ಹಾಕಿಸಿ.

ಜರ್ಮನಿಯ ಡ್ಯಾಶ್‌ಹಂಡ್ ನಾಯಿಯ ಗಿಡ್ಡ ಕಾಲು, ಉದ್ದ ಮೈ ಬಿಲಕ್ಕೆ ನುಗ್ಗಲೆಂದೇ ತಳಿ ಮಾಡಿದ್ದು. ಅದನ್ನು ತಂದು ಸಾಕಿ, ಹೂಕುಂಡ ಕೆದಕಿತೆಂದು ದೂರುವುದು ನ್ಯಾಯವಲ್ಲ. ನಮ್ಮ ಮುಧೋಳ ನಾಯಿ ಇನ್ನೊಂದು ಬಗೆ: ಕಣ್ಣಿಗೆ ಬಿದ್ದ ಬೇಟೆಯನ್ನು ಓಡಿ ಹಿಡಿಯುವ ಜಾತಿ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು.

ನಾಯಿಗೆ ಮರ್ಯಾದೆ ಕೊಟ್ಟದ್ದರಲ್ಲಿ ನಮ್ಮ ಸೀಮೆ ಹಳಬ, ಬಿಡಿ. ಪಕ್ಕದ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೆ ಹತ್ತನೇ ಶತಮಾನದಲ್ಲೇ ಕಲ್ಲು ನಿಲ್ಲಿಸಿದ್ದರು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಉಚ್ಚೆ ಹೊಯ್ದು ಹಿಂಗಾಲಲ್ಲಿ ಪರಪರ ನೆಲ ಕೆರೆಯುವುದು ಗುಂಡಿ ತೋಡುವ ಲೆಕ್ಕಕ್ಕೆ ಬರುವುದಿಲ್ಲ. ಪಾದದ ವಾಸನೆ ಬಳಿದು ತನ್ನ ಗುರುತು ಬಿಡುವ ಕ್ರಮ ಅದು.

ತೆಂಗು ಬೆಳೆಯುವವರು ಇದನ್ನು ಮಾತ್ರ ಮರೆಯಬಾರದು. ಮರದ ಬುಡಕ್ಕೆ ಹಾಕುವ ಹರಳು ಹಿಂಡಿ ನಾಯಿಗೆ ವಿಷ. ಸರಿಯಾಗಿ ಬಿಸಿ ಮಾಡದ ಹಿಂಡಿಯಲ್ಲಿ ರಿಸಿನ್ ಎಂಬ ವಿಷ ಉಳಿದಿರುತ್ತದೆ, ಅದಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ. ಮೂಳೆಪುಡಿ ಬೆರೆಸಿದ್ದರಂತೂ ವಾಸನೆಗೆ ನಾಯಿ ಬಗೆದು ಬಗೆದು ತಿನ್ನುತ್ತದೆ. ತಿಂದ ಕೂಡಲೇ ಏನೂ ಕಾಣದೆ, ಕೆಲವು ಗಂಟೆಗಳಾದ ಮೇಲೆ ವಾಂತಿ, ರಕ್ತಭೇದಿ ಶುರುವಾಗಬಹುದು. ಕಾದು ನೋಡಬೇಡಿ, ತಿಂದದ್ದು ಗೊತ್ತಾದ ಗಳಿಗೆಯೇ ಪಶುವೈದ್ಯರ ಹತ್ತಿರ ಓಡಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಹಿಂಡಿ ಹಾಕಿದ ದಿನಗಳಲ್ಲಿ ನಾಯಿಯನ್ನು ತೋಟಕ್ಕೆ ಬಿಡದಿರುವುದೇ ಲೇಸು.

ಹೆಣ್ಣುನಾಯಿ ಮೂಲೆಯಲ್ಲಿ, ಸೌದೆ ರಾಶಿಯ ಸಂದಿಯಲ್ಲಿ ಒಂದೇ ಸಮನೆ ಕೆರೆಯುತ್ತಿದೆಯೇ? ಮರಿ ಹಾಕಲು ಜಾಗ ಮಾಡಿಕೊಳ್ಳುತ್ತಿರಬಹುದು. ಗರ್ಭದ ಅವಧಿ ಸುಮಾರು 63 ದಿನ. ಬೆದೆ ಮುಗಿದು ಎರಡು ತಿಂಗಳ ಆಸುಪಾಸಿನಲ್ಲಿ, ಬಸಿರಾಗದ ನಾಯಿಯೂ ಬಸಿರಿಯ ಹಾಗೆ ನಡೆದುಕೊಳ್ಳುವುದುಂಟು.

ಇನ್ನು ಬೈಗುಳ. ಗುಂಡಿಯ ಮುಂದೆ ಎಳೆದು ನಿಲ್ಲಿಸಿದರೆ ನಾಯಿ ಕಿವಿ ಮಡಚಿ, ತಲೆ ತಗ್ಗಿಸುತ್ತದೆ. ‘ತಪ್ಪು ಮಾಡಿದೀನಿ ಅಂತ ಗೊತ್ತು ನೋಡು ಇದಕ್ಕೆ’ ಎನ್ನುತ್ತೇವೆ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯೇ ಹೇಳುತ್ತದೆ. 14 ನಾಯಿಗಳ ಮೇಲೆ ನಡೆದ ಆ ಪ್ರಯೋಗದಲ್ಲಿ ‘ತಪ್ಪಿತಸ್ಥ ಮುಖ’ ಕಂಡದ್ದು ಯಜಮಾನ ಗದರಿದಾಗ. ನಾಯಿ ನಿಜಕ್ಕೂ ತಪ್ಪು ಮಾಡಿತ್ತೋ ಇಲ್ಲವೋ ಎಂಬುದಕ್ಕೂ ಅದಕ್ಕೂ ನಂಟಿರಲಿಲ್ಲ. ತಾಸು ಕಳೆದ ಮೇಲೆ ಕೊಟ್ಟ ಏಟು ಯಾತಕ್ಕೆಂದು ನಾಯಿಗೆ ತಿಳಿಯುವುದಿಲ್ಲ. ಗುಂಡಿಗೆ ಕಾರದಪುಡಿ ಸುರಿಯುವ ಕೆಲಸವಂತೂ ಬೇಡವೇ ಬೇಡ, ಕಣ್ಣು ಮೂಗು ಉರಿದು ಒದ್ದಾಡುತ್ತದೆ.

ಬದಲಿಗೆ ಹೀಗೆ ಮಾಡಿ. ನೆರಳಿರುವ ಮೂಲೆಯಲ್ಲಿ ಎರಡು ಮಂಕರಿ ಮರಳು ಸುರಿದು, ಸುತ್ತ ಇಟ್ಟಿಗೆ ಜೋಡಿಸಿ. ನಾಯಿಯ ಕಣ್ಣೆದುರಿಗೇ ಅದರ ಚೆಂಡನ್ನೋ ತಿಂಡಿಯನ್ನೋ ಅರ್ಧ ಹೂಳಿ. ಅಲ್ಲಿ ಕೆದಕಿದರೆ ಶಹಬ್ಬಾಸ್ ಅನ್ನಿ. ಪಾತಿಯಲ್ಲಿ ಕೆದಕಲು ಹೊರಟರೆ, ಆ ಗಳಿಗೆಯಲ್ಲೇ ಕರೆದು ಮರಳಿಗೆ ತನ್ನಿ. ಹೊಸ ಸಸಿಯ ಸುತ್ತ ಕೋಳಿಗೂಡಿನ ತಂತಿಬಲೆ ಹಾಸಿ, ಚೂಪು ಅಂಚನ್ನು ಒಳಗೆ ಮಡಚಿ, ಮೇಲೆ ತೆಳ್ಳಗೆ ಮಣ್ಣೆಳೆದರೆ ಉಗುರಿಗೆ ತಂತಿ ತಗುಲಿ ತಾನೇ ಬಿಡುತ್ತದೆ. ಗೇಟಿನಡಿಯ ಗುಂಡಿ ಬೇರೆ ಕಥೆ, ಅದು ತಪ್ಪಿಸಿಕೊಳ್ಳುವ ದಾರಿ. ಗಂಡುನಾಯಿ ಹೆಣ್ಣನ್ನು ಅರಸಿ ಹೊರಟಿದ್ದರೆ ಸಂತಾನಹರಣ ಚಿಕಿತ್ಸೆಯಿಂದ ಅಲೆದಾಟ ತಗ್ಗುವುದುಂಟು.

ಸರಪಳಿಯ ಅಳತೆಗೆ ಸರಿಯಾಗಿ ಅರ್ಧಚಂದ್ರಾಕಾರದಲ್ಲಿ ನೆಲ ಬಗೆದಿದ್ದರೆ ಅದು ಬರೀ ಬೇಸರ. ಬೆಳಿಗ್ಗೆ ಸಂಜೆ ನಾಲೆ ಏರಿ ಮೇಲೆ ಸುತ್ತಾಡಿಸಿ, ಅಲ್ಲಲ್ಲಿ ನಿಂತು ಮೂಸಲು ಬಿಡಿ. ಸದಾ ಕಟ್ಟಿಹಾಕುವ ನಾಯಿಯನ್ನು ತಕ್ಕಮಟ್ಟಿಗೆ ಓಡಾಡಿಸದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಅದರಲ್ಲಿ ಬರೆದಿರುವ ದಂಡ 10ರಿಂದ 50 ರೂಪಾಯಿ.