ಓಟ ತಪ್ಪಿದ ಕುದುರೆ

ಪಂದ್ಯದ ಕುದುರೆ ಎರಡನೆಯ ವಯಸ್ಸಿಗೇ ಓಡತೊಡಗುತ್ತದೆ. ನಾಲ್ಕೈದರಲ್ಲಿ ಅದರ ಕಸುವು ತುದಿ ಮುಟ್ಟುತ್ತದೆ. ಆದರೆ ಕುದುರೆಯ ಆಯುಸ್ಸು 25ರಿಂದ 30 ವರ್ಷ. ಆರರಲ್ಲಿ ಓಟ ತಪ್ಪಿದ ಪ್ರಾಣಿಗೆ ಇನ್ನೂ ಇಪ್ಪತ್ತು ವರ್ಷಗಳ ಹುಲ್ಲು ಹುರುಳಿ ಬೇಕೆಂದಾಯಿತು. ಮುಂಬಯಿಯ ಮಹಾಲಕ್ಷ್ಮಿ ಮೈದಾನದಲ್ಲಿ ಗೆಲ್ಲುವ ಕುದುರೆಗಳ ಹೆಸರನ್ನು ಬಾಯಿಪಾಠ ಮಾಡಿದವರು ನಮ್ಮ ಹೊಟೇಲು ಬಂಧುಗಳಲ್ಲಿಯೂ ಗುಮಾಸ್ತ ಮಿತ್ರರಲ್ಲಿಯೂ ಇದ್ದಾರೆ. ಸೋತ ಕುದುರೆ ಎಲ್ಲಿಗೆ ಹೋಯಿತೆಂದು ಕೇಳಿದವರನ್ನು ನಾವು ಕಂಡುದು ವಿರಳ.

ಸೋಲತೊಡಗಿದ ಕುದುರೆಗೆ ಚಾವಟಿಯಲ್ಲ, ವೈದ್ಯನು ಮೊದಲು ಬೇಕು. ಹೊಟ್ಟೆ ಬರಿದಾಗಿಟ್ಟು ಧಾನ್ಯವನ್ನೇ ಹೆಚ್ಚು ತಿನ್ನಿಸುವುದರಿಂದ ಜಠರದಲ್ಲಿ ಹುಣ್ಣಾಗುವುದುಂಟು. ವೇಗದ ಓಟದಲ್ಲಿ ಶ್ವಾಸಕೋಶದಿಂದ ರಕ್ತ ಒಸರುವುದುಂಟು. ಹಲ್ಲಿನ ಅಂಚು ಚೂಪಾಗಿ ಕಡಿವಾಣ ಚುಚ್ಚುತ್ತಿರಬಹುದು. ಮುಂಗಾಲಿನ ಸ್ನಾಯುರಜ್ಜು ಹರಿದಿದ್ದರಂತೂ ಮಾಯಲು ಒಂದು ವರ್ಷವೇ ಹಿಡಿದೀತು. ಆತುರಪಟ್ಟು ಓಡಿಸಿದರೆ ಕಾಲೇ ಹೋದೀತು. ಲಾಯದ ಸೈಸನನ್ನೂ ಒಂದು ಮಾತು ಕೇಳತಕ್ಕದ್ದು. ಯಾವ ಕಾಲಿನ ಮೇಲೆ ಕುದುರೆ ಭಾರ ಹಾಕುವುದಿಲ್ಲ, ಬುಟ್ಟಿಯಲ್ಲಿ ಮೇವು ಎಷ್ಟು ಉಳಿಯಿತು ಎಂಬುದು ಎಲ್ಲರಿಗಿಂತ ಮೊದಲು ತಿಳಿಯುವುದು ಅವನಿಗೆ. ಕೆಲಸದಾಳಿನ ಮಾತಿಗೆ ಬೆಲೆ ಎಷ್ಟೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ.

ಮೈಯಲ್ಲಿ ದೋಷವಿಲ್ಲದಿದ್ದರೆ ದೂರವನ್ನು ಬದಲಿಸಿ ನೋಡಬಹುದು. ಸೋಲುತ್ತ ಬಂದ ಕುದುರೆಯ ರೇಟಿಂಗ್ ಇಳಿಯುವುದರಿಂದ ಕೆಳಗಿನ ತರಗತಿಯಲ್ಲಿ ಅದಕ್ಕೆ ಸರಿಜೋಡಿ ಸಿಕ್ಕೀತು.

ಮನಸ್ಸು ಕೆಟ್ಟ ಕುದುರೆಗೆ ಅಮೆರಿಕೆಯ ಸೀಬಿಸ್ಕಿಟ್ ಸಾಕ್ಷಿ. 1933ರಲ್ಲಿ ಹುಟ್ಟಿದ ಈ ಕುದುರೆಯನ್ನು ಎರಡನೆಯ ವಯಸ್ಸಿನಲ್ಲಿಯೇ 35 ಸಲ ಓಡಿಸಿದ್ದರು. 1936ರಲ್ಲಿ ಚಾರ್ಲ್ಸ್ ಹೋವರ್ಡ್ ಅದನ್ನು 8,000 ಡಾಲರಿಗೆ ಕೊಂಡಾಗ ಅದು ದಣಿದು ಸಿಡುಕು ಹಿಡಿದಿತ್ತು. ತರಬೇತುದಾರ ಟಾಮ್ ಸ್ಮಿತ್ ಓಟದ ಮಾತೆತ್ತದೆ ಲಾಯದಲ್ಲಿ ಅದಕ್ಕೊಂದು ಜೊತೆ ಹುಡುಕಿದನು. ಮೊದಲು ತಂದ ಆಡನ್ನು ಕುದುರೆ ಹೊರಗೆಸೆಯಿತು! ಬಳಿಕ ಬಂದ ಪಂಪ್‌ಕಿನ್ ಎಂಬ ಶಾಂತ ಕುದುರೆಯೊಡನೆ ಅದು ನೆಮ್ಮದಿಯಾಗಿ ಮಲಗತೊಡಗಿತು. 1938ರ ನವೆಂಬರ್ 1ರಂದು ಅದೇ ಸೀಬಿಸ್ಕಿಟ್, ವಾರ್ ಅಡ್ಮಿರಲ್ ಎಂಬ ಮಹಾ ಕುದುರೆಯನ್ನು ನಾಲ್ಕು ಮೈಯುದ್ದದ ಅಂತರದಿಂದ ಸೋಲಿಸಿತು. ಮರುವರ್ಷ ಕಾಲಿಗೆ ಪೆಟ್ಟಾದರೂ, ವಿಶ್ರಾಂತಿಯ ಅನಂತರ 1940ರಲ್ಲಿ ಸಾಂಟಾ ಅನಿಟಾದ ದೊಡ್ಡ ಪಂದ್ಯವನ್ನು ಗೆದ್ದುಕೊಂಡಿತು.

ಎಲ್ಲ ಕುದುರೆಗಳಿಗೂ ಈ ಭಾಗ್ಯವಿಲ್ಲ. ಒಳ್ಳೆಯ ವಂಶದ ಹೆಣ್ಣು ಕುದುರೆ ಸೋತರೂ ಮರಿಗಾಗಿ ಸಾಕಣೆ ಕೇಂದ್ರ ಸೇರೀತು. ನಮ್ಮ ಕುಣಿಗಲ್ ಟೀಪುವಿನ ಕಾಲದಿಂದಲೂ ಇದಕ್ಕೆ ಹೆಸರಾದ ಊರು. ಬೀಜ ತೆಗೆಸಿದ ಗಂಡಿಗೆ ಆ ದಾರಿಯೂ ಇಲ್ಲ. ಸವಾರಿ ಶಾಲೆಗೆ ಕೊಡುವುದು ಉತ್ತಮವೇ, ಆದರೆ ಲಗಾಮು ಬಿಗಿದಷ್ಟೂ ಮುನ್ನುಗ್ಗಲು ಕಲಿತ ಪ್ರಾಣಿಗೆ ನಿಲ್ಲುವುದನ್ನು ಕಲಿಸಲು ತಿಂಗಳುಗಳು ಬೇಕು. ಹಾವಿನ ವಿಷಕ್ಕೆ ಮದ್ದು ತಯಾರಿಸುವವರೂ ಕುದುರೆಗಳನ್ನು ಸಾಕುತ್ತಾರೆ. ಚುಚ್ಚುಮದ್ದು, ರಕ್ತ ತೆಗೆಸಿಕೊಳ್ಳುವುದು, ಇದೇ ಅಲ್ಲಿಯ ಬಾಳು. ಮುಂಬಯಿಯ ವಿಕ್ಟೋರಿಯಾ ಗಾಡಿಗಳನ್ನು 2015ರಲ್ಲಿ ಉಚ್ಚ ನ್ಯಾಯಾಲಯವೇ ಅಕ್ರಮವೆಂದು ಸಾರಿತು. ದಳ್ಳಾಳಿಯ ಕೈಗೆ ಹಗ್ಗ ಕೊಟ್ಟು ಕೈತೊಳೆದುಕೊಳ್ಳುವ ಮಾಲಿಕನು, ಕೊಳ್ಳುವವನು ಯಾರು, ಅವನಿಗೆ ಲಾಯವುಂಟೇ, ನಾಳೆ ಮೇವು ಹಾಕುವವರಾರು ಎಂದು ಅದೇ ದಿನ ಹೋಗಿ ನೋಡಿ ಬರಬೇಕು.