ಕ್ಯಾನ್ಸರ್‌ಗೆ ಮನೆಮದ್ದು ಅಂತ ವೀಡಿಯೊ ಬಂತಾ? ನಂಬುವ ಮುನ್ನ ಇಷ್ಟು ನೋಡಿ

ಮಂಡ್ಯ: ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಅಂತ ರಿಪೋರ್ಟ್ ಬಂದರೆ ಸಾಕು, ಸಂಜೆಯೊಳಗೆ ವಾಟ್ಸ್‌ಆ್ಯಪ್‌ಗೆ ವೀಡಿಯೊಗಳು ಬರಲು ಶುರುವಾಗುತ್ತವೆ. ಕಳಿಸುವವರು ನೆಂಟರು, ಉದ್ದೇಶವೂ ಒಳ್ಳೆಯದೇ. ಆದರೆ ಅವುಗಳನ್ನು ಎಷ್ಟು ನಂಬಬಹುದು?

ಪ್ರಾಸ್ಟೇಟ್ ಕ್ಯಾನ್ಸರ್ ಕುರಿತ 150 ಯೂಟ್ಯೂಬ್ ವೀಡಿಯೊಗಳನ್ನು ಅಮೆರಿಕದ ಸಂಶೋಧಕರು ಪರಿಶೀಲಿಸಿ 2018ರಲ್ಲಿ ವರದಿ ಕೊಟ್ಟರು. ಶೇ 77ರಷ್ಟರಲ್ಲಿ, ವೀಡಿಯೊದಲ್ಲೋ ಅದರ ಕಾಮೆಂಟ್‌ಗಳಲ್ಲೋ, ದಾರಿ ತಪ್ಪಿಸುವ ಅಥವಾ ಒಂದೇ ಕಡೆ ವಾಲಿದ ಮಾಹಿತಿ ಇತ್ತು. ಗುಣಮಟ್ಟ ಕಡಿಮೆ ಇದ್ದವಕ್ಕೇ ವೀಕ್ಷಕರು ಹೆಚ್ಚು. ಅಂದರೆ, ಲಕ್ಷ ಜನ ನೋಡಿದ್ದಾರೆ ಅನ್ನೋದು ಸತ್ಯಕ್ಕೆ ಸಾಕ್ಷಿಯಲ್ಲ.

ನಮ್ಮ ದೇಶದ್ದೇ ಉದಾಹರಣೆ ಇದೆ. ಬೇವು, ಅರಿಶಿನ, ನಿಂಬೆನೀರಿನ ಪಥ್ಯದಿಂದ ಪತ್ನಿಯ ನಾಲ್ಕನೇ ಹಂತದ ಕ್ಯಾನ್ಸರ್ ವಾಸಿಯಾಯಿತು ಎಂದು ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು 2024ರ ನವೆಂಬರ್‌ನಲ್ಲಿ ಹೇಳಿದ ವೀಡಿಯೊ ಎಲ್ಲೆಡೆ ಹರಿದಾಡಿತು. ಇದಕ್ಕೆ ಆಧಾರವಿಲ್ಲ, ಚಿಕಿತ್ಸೆ ತಡಮಾಡಬೇಡಿ ಎಂದು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಹಾಲಿ ಹಾಗೂ ಮಾಜಿ ವೈದ್ಯರು ಸೇರಿ 262 ಕ್ಯಾನ್ಸರ್ ತಜ್ಞರು ಹೇಳಿಕೆ ಕೊಡಬೇಕಾಯಿತು. ಅವರ ಪತ್ನಿಗೆ ಶಸ್ತ್ರಚಿಕಿತ್ಸೆ, ಕಿಮೋಥೆರಪಿ ಎರಡೂ ಆಗಿದ್ದವು.

‘ಸಕ್ಕರೆ ಬಿಟ್ಟರೆ ಗಡ್ಡೆ ಉಪವಾಸ ಬಿದ್ದು ಸಾಯುತ್ತೆ’ ಅನ್ನೋದು ಇನ್ನೊಂದು ಮಾತು. ಸಕ್ಕರೆ ನಾಡಿನವರು ಇದನ್ನು ಸರಿಯಾಗಿ ತಿಳಿಯಬೇಕು. ದೇಹದ ಎಲ್ಲ ಜೀವಕೋಶಗಳೂ ಗ್ಲೂಕೋಸ್ ಬಳಸುತ್ತವೆ. ಸಕ್ಕರೆ ಬಿಟ್ಟರೂ ಅನ್ನ, ಮುದ್ದೆಯಿಂದ ದೇಹ ಗ್ಲೂಕೋಸ್ ಮಾಡಿಕೊಳ್ಳುತ್ತೆ. ಊಟವನ್ನೇ ಕಡಿಮೆ ಮಾಡಿದರೆ ಸೊರಗುವುದು ಗಡ್ಡೆಯಲ್ಲ, ರೋಗಿ. ತೂಕ ಇಳಿದರೆ ಕಿಮೋ ತಡೆದುಕೊಳ್ಳುವುದೂ ಕಷ್ಟ. ಮಧುಮೇಹ ಇದ್ದವರು ವೈದ್ಯರು ಹೇಳಿದ ಪಥ್ಯ ಮಾಡಬೇಕು, ಅದು ಬೇರೆ ವಿಷಯ.

ನಿಜವಾದ ನಷ್ಟ ಆಗೋದು ಸಮಯದಲ್ಲಿ. ಸ್ತನ, ಬಾಯಿ, ಗರ್ಭಕಂಠದ ಕ್ಯಾನ್ಸರ್ ಬೇಗ ಸಿಕ್ಕರೆ ಗುಣವಾಗುವ ಸಾಧ್ಯತೆ ಹೆಚ್ಚು. ‘ಕಷಾಯ ಕುಡಿದು ನೋಡೋಣ’ ಅಂತ ಮೂರ್ನಾಲ್ಕು ತಿಂಗಳು ಕಳೆದರೆ ಆ ಅವಕಾಶ ಕೈ ತಪ್ಪಬಹುದು.

ವೀಡಿಯೊ ನೋಡುವಾಗ ಗಮನಿಸಿ:

* ಮಾತಾಡುವವರು ಯಾರು? ಕ್ಯಾನ್ಸರ್ ತಜ್ಞರಾ, ಯಾವ ಆಸ್ಪತ್ರೆಯವರು?
* ಯಾವ ಕ್ಯಾನ್ಸರ್, ಯಾವ ಹಂತ ಅಂತ ಹೇಳ್ತಾರಾ? ಎಲ್ಲದಕ್ಕೂ ಒಂದೇ ಮದ್ದು ಅಂದರೆ ಅಲ್ಲಿಗೇ ಬಿಡಿ.
* ಅಡ್ಡಪರಿಣಾಮದ ಬಗ್ಗೆ ಬಾಯಿ ಬಿಡ್ತಾರಾ?
* ಕೊನೆಗೆ ಪುಡಿ, ಎಣ್ಣೆ ಮಾರುವ ಫೋನ್ ನಂಬರ್ ಬರುತ್ತಾ?
* ಆಸ್ಪತ್ರೆ ಔಷಧ ನಿಲ್ಲಿಸಿ ಅಂತಾರಾ? ಹಾಗಂದರೆ ನಂಬಲೇಬೇಡಿ.

ಎಲ್ಲ ವೀಡಿಯೊಗಳೂ ಕೆಟ್ಟವಲ್ಲ. ರೇಡಿಯೇಷನ್ ವೇಳೆ ಬಾಯಿ ಸ್ವಚ್ಛವಾಗಿಡುವುದು, ಸ್ತನ ಶಸ್ತ್ರಚಿಕಿತ್ಸೆ ನಂತರ ಕೈಗೆ ವ್ಯಾಯಾಮ ಮಾಡುವುದು ಓದುವುದಕ್ಕಿಂತ ನೋಡಿದರೆ ಬೇಗ ತಿಳಿಯುತ್ತೆ. ಆಸ್ಪತ್ರೆಗಳ ಅಧಿಕೃತ ಚಾನೆಲ್‌ಗಳನ್ನು ಮೊದಲು ನೋಡುವುದು ಒಳ್ಳೆಯದು.

ಎರಡು ವಾರ ಕಳೆದರೂ ಮಾಯದ ಬಾಯಿಹುಣ್ಣು, ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೂ ರಕ್ತಸ್ರಾವ ಕಂಡರೆ ಮದ್ದೂರು, ಮಳವಳ್ಳಿ ತಾಲೂಕು ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ತೋರಿಸಿ. ಮುಂದಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವು ಸಿಗುತ್ತದೆ.

ನೆಂಟರು ಕಳಿಸಿದ ವೀಡಿಯೊ ಬಗ್ಗೆ ಅವರ ಜೊತೆ ಜಗಳ ಬೇಡ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅದನ್ನೇ ಡಾಕ್ಟರಿಗೆ ತೋರಿಸಿ, ‘ಇದು ನಮ್ಮಮ್ಮನಿಗೆ ಆಗುತ್ತಾ ಸಾರ್?’ ಅಂತ ಕೇಳಿ. ಉತ್ತರ ಸಿಗುವವರೆಗೆ ಮಾತ್ರೆ ನಿಲ್ಲಿಸಬೇಡಿ.